ಮೊದಲು ಅಜ್ಜಿಯ ದನಿ

ಭೀಮನಬೀಡಿಗೆ ಕರೆಂಟು ಈಗಷ್ಟೇ ಬಂದಿದೆ. ನಡುಮನೆಯಲ್ಲಿ, ಅರಿಸಿನದ ಮೂಟೆಗಳ ಪಕ್ಕದ ಮೇಜಿನ ಮೇಲೆ ಕಂಪ್ಯೂಟರ್ ಆನ್ ಮಾಡಿ ನೀವು ಕಾಯುತ್ತಿದ್ದೀರಿ. ಪರದೆಯ ಚುಕ್ಕಿಗಳು ಸುತ್ತುತ್ತಲೇ ಇವೆ. ಪೆಟ್ಟಿಗೆಯೊಳಗಿಂದ ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್.

“ಅದೇನ್ ಮೊಗ ಸದ್ದು?” ಒಲೆಯ ಮುಂದಿಂದ ಅವ್ವ ಕೇಳುತ್ತಾಳೆ.

“ಡಿಸ್ಕ್ ಹೋಗೋ ಹಂಗದೆ ಕನವ್ವ.”

“ಅಜ್ಜಿ ಹಾಡಿದ್ದ ಮಾದಪ್ಪನ ಪದ ಅದ್ರೊಳಗೇ ತಾನೆ ಇರಾದು?”

ಮೌಸ್ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ.

ಆ ಪೆಟ್ಟಿಗೆಯೊಳಗೆ ಹೊಳೆಯುವ ತಟ್ಟೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತಿವೆ. ಓದುವ ಹೆಡ್ ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತಿದೆ. ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ದಾರಿ ಸಿಗದ ಹೆಡ್ ಹಿಂದಕ್ಕೆ ಬಂದು ಮತ್ತೆ ಹೊರಡುವಾಗ ಆ ಟಿಕ್. ಅದು ಬಿಡದೆ ಬಡಿದುಕೊಳ್ಳುತ್ತಿದ್ದರೆ ಆಗಲೇ ಆಫ್ ಮಾಡಿ, ಡಿಸ್ಕಿನಿಂದ ಮಾಹಿತಿ ತೆಗೆದುಕೊಡುವವರ ಬಳಿ ಒಯ್ಯಬೇಕಿತ್ತು. ಸದ್ಯ, ಹಾಗಾಗಿಲ್ಲ. ಡೆಸ್ಕ್‌ಟಾಪ್ ಬಂತು.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆಯುತ್ತೀರಿ. ಹಳದಿ, ಅಂದರೆ ಎಚ್ಚರಿಕೆ. ಕೆಟ್ಟ ಸೆಕ್ಟರ್‌ಗಳನ್ನು ಹೇಳುವ 05 ಮತ್ತು ಸಿ5 ಸಾಲುಗಳಲ್ಲಿ ಸೊನ್ನೆ ಇಲ್ಲ. ಕೇಬಲ್ ದೋಷ ತೋರಿಸುವ ಸಿ7ರಲ್ಲಿ ಸೊನ್ನೆಯೇ ಇದೆ. ಡಿಸ್ಕೇ ಸೋಲುತ್ತಿದೆ.

ಡ್ರೈವ್ ಸರಿಪಡಿಸಲೇ ಎಂದು ವಿಂಡೋಸ್ ಕೇಳುತ್ತದೆ. ಬೇಡ. ಸೋತ ಡಿಸ್ಕಿನ ಮೇಲೆ ಏನನ್ನೂ ಬರೆಯಲು ಬಿಡಬಾರದು. ಪೆನ್‌ಡ್ರೈವ್ ಚುಚ್ಚುತ್ತೀರಿ. ಯಾವುದು ಮೊದಲು? ಜಮೀನಿನ ಪಹಣಿ ಸರ್ಕಾರದ ‘ಭೂಮಿ’ಯಲ್ಲಿದೆ, ಮತ್ತೆ ತೆಗೆಸಬಹುದು. ಸಿನಿಮಾಗಳು ಎಲ್ಲಾದರೂ ಸಿಗುತ್ತವೆ. ಅಜ್ಜಿಯ ದನಿ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಮೊದಲು ಅದೇ.

ಹಸಿರು ಪಟ್ಟಿ ಸಾಗುತ್ತದೆ, ನಿಲ್ಲುತ್ತದೆ. ಟಿಕ್. ನೀವು ಉಸಿರು ಹಿಡಿದಿದ್ದೀರಿ. ಮತ್ತೆ ಸಾಗುತ್ತದೆ. ಮುಗಿದ ಮೇಲೆ ಪೆನ್‌ಡ್ರೈವಿನಿಂದಲೇ ನುಡಿಸಿ ನೋಡುತ್ತೀರಿ. ನಡುಮನೆ ತುಂಬ ಅಜ್ಜಿಯ ದನಿ. ಪದದ ನಡುವೆ ಕೆಮ್ಮಿ, ನೀರು ಕೇಳಿ, ಮತ್ತೆ ಎತ್ತಿಕೊಳ್ಳುತ್ತಾಳೆ. ಅವ್ವ ಕೈಯಲ್ಲಿ ಮುದ್ದೆಕೋಲು ಹಿಡಿದೇ ಬಂದು ನಿಂತಿದ್ದಾಳೆ.

ಮನೆಯ ಫೋಟೋಗಳೂ ಬಂದವು. ಮದುವೆ ವಿಡಿಯೊ ಅರ್ಧಕ್ಕೇ ಸಿಕ್ಕಿಕೊಂಡಿತು. ಪದೇಪದೇ ಒತ್ತಬೇಡಿ, ಅದನ್ನು ಬಿಟ್ಟು ಆಫ್ ಮಾಡಿ. ನಾಳೆ ಗುಂಡ್ಲುಪೇಟೆಯಿಂದ ಹೊಸ ಡಿಸ್ಕ್ ತಂದು, ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ, ಡಿಸ್ಕನ್ನು ನಕಲಿಸುವ ಡಿಡಿರೆಸ್ಕ್ಯೂ ಹಚ್ಚಬೇಕು. ಅದು ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಕೈ ಹಾಕುತ್ತದೆ. ವಿಡಿಯೊ ಪೂರ್ತಿ ಸಿಕ್ಕೀತೆಂಬ ಭರವಸೆ ಇಲ್ಲ.

ನಿಮ್ಮ ಮನೆಯಲ್ಲೂ ಇಂಥ ದನಿ ಇದ್ದರೆ ಇವತ್ತೇ ಎರಡು ಪ್ರತಿ ಮಾಡಿ. ಒಂದು ನಿಮ್ಮಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ.