ಅಕ್ಕ ನೋಡಿ ಕೇಳುವ ಮಾತು

ನನ್ನ ಅಕ್ಕನಿಗೆ ಈಗ 76 ವರ್ಷ. ಆರನೇ ವಯಸ್ಸಿನಲ್ಲಿ ಬಂದ ಕೆಟ್ಟ ಜ್ವರವೊಂದು ಅವಳ ಎರಡೂ ಕಿವಿಗಳನ್ನು ಕಿತ್ತುಕೊಂಡಿತು. ಅಷ್ಟರಲ್ಲಿ ಅವಳಿಗೆ ಮಾತು ಬಂದಿತ್ತು, ಹಾಗಾಗಿ ಚೆನ್ನಾಗಿಯೇ ಮಾತಾಡುತ್ತಾಳೆ. ಬೇರೆಯವರ ಮಾತನ್ನು ಮಾತ್ರ ತುಟಿ ನೋಡಿ ತಿಳಿಯಬೇಕು.

ತುಟಿ ಓದುವುದು ಎಷ್ಟು ಕಷ್ಟ ಗೊತ್ತೇ, ಮಕ್ಕಳೇ? ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ‘ಮಾವ’ ಎನ್ನಿ. ಆಮೇಲೆ ‘ಭಾವ’ ಎನ್ನಿ. ಎರಡಕ್ಕೂ ತುಟಿ ಒಂದೇ ತರಹ ಮುಚ್ಚಿ ತೆರೆಯುತ್ತದೆ. ಮಾವನೋ ಭಾವನೋ ಎಂದು ಅಕ್ಕ ಹಿಂದಿನ ಮುಂದಿನ ಮಾತು, ಹುಬ್ಬು, ಕಣ್ಣು, ಕೆನ್ನೆ ಎಲ್ಲವನ್ನೂ ನೋಡಿ ಲೆಕ್ಕ ಹಾಕಬೇಕು. ಅದನ್ನು ಅವಳು 70 ವರ್ಷಗಳಿಂದ ಮಾಡುತ್ತಿದ್ದಾಳೆ.

ನಮ್ಮೂರಿಗೆ ಫೋನು ಬಂದಾಗ ಎಲ್ಲರಿಗೂ ಸಂಭ್ರಮ. ಅಕ್ಕನಿಗೆ ಆದದ್ದು ನಷ್ಟ. ಅದುವರೆಗೆ ವಾರಕ್ಕೊಂದು ಇನ್‌ಲ್ಯಾಂಡ್ ಕಾಗದ ಬರೆಯುತ್ತಿದ್ದ ನೆಂಟರೆಲ್ಲ ಬರೆಯುವುದನ್ನು ಬಿಟ್ಟರು. ಫೋನಿನಲ್ಲಿ ನಮ್ಮ ಜೊತೆ ಅರ್ಧ ಗಂಟೆ ಮಾತಾಡಿ, ‘ಅಕ್ಕನಿಗೆ ಹೇಳಿಬಿಡಿ’ ಎಂದು ಇಡುತ್ತಿದ್ದರು. ನಾವು ಅವಳಿಗೆ ಎರಡು ಮಾತಿನಲ್ಲಿ ಹೇಳುತ್ತಿದ್ದೆವು. ಊರಿಗೆಲ್ಲ ದೂರ ಕಡಿಮೆಯಾದಾಗ ಅವಳೊಬ್ಬಳಿಗೆ ದೂರ ಹೆಚ್ಚಾಯಿತು.

ಅದನ್ನು ತಿದ್ದಿದ್ದು ವಿಡಿಯೋ ಕರೆ. ಪುಣೆಯಲ್ಲಿರುವ ಅವಳ ಮಗಳು ಮೊದಲ ಸಲ ತೆರೆಯ ಮೇಲೆ ಕಾಣಿಸಿಕೊಂಡು ‘ಅಮ್ಮಾ, ಊಟ ಆಯಿತಾ?’ ಎಂದಾಗ ಅಕ್ಕ, ‘ಹುರುಳಿಕಾಳು ಸಾರು ಮಾಡಿದ್ದೆ’ ಎಂದು ಉತ್ತರ ಕೊಟ್ಟೇಬಿಟ್ಟಳು. ನಡುವೆ ನಾವು ಯಾರೂ ಬೇಕಾಗಲಿಲ್ಲ.

ಆದರೆ ಕೆಲವು ದಿನ ಚಿತ್ರ ಒಡೆಯುತ್ತದೆ. ಮುಖದ ಜಾಗದಲ್ಲಿ ಚೌಕ ಚೌಕ ತುಂಡುಗಳು ಕಾಣುತ್ತವೆ. ನಿಮಗೂ ನನಗೂ ಅದರಿಂದ ತೊಂದರೆಯಿಲ್ಲ, ದನಿ ಕೇಳುತ್ತಿರುತ್ತದೆ. ಅಕ್ಕನಿಗೆ ಚಿತ್ರವೇ ದನಿ. ಒಂದು ಸಂಜೆ ಮಗಳು, ‘ಮಗುವಿಗೆ ಜ್ವರ ಬಂದಿತ್ತು, ಈಗ ಬಿಟ್ಟಿದೆ’ ಎಂದಳಂತೆ. ‘ಜ್ವರ’ ಎನ್ನುವವರೆಗೆ ಅಕ್ಕನಿಗೆ ಕಂಡಿತು. ಮುಂದಿನದು ಚೌಕಗಳಲ್ಲಿ ಮುಳುಗಿತು, ಕರೆಯೂ ಕಡಿದುಹೋಯಿತು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಜ್ವರ ಎಂದರೆ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಮಗು ಹುಷಾರಾಗಿದೆ ಎಂಬ ಸಂದೇಶ ಬೆಳಿಗ್ಗೆ ಬಂತು.

‘ಬರೆದೇ ಕಳಿಸಬಹುದಲ್ಲ?’ ಎಂದು ನೀವು ಕೇಳಬಹುದು. ಬರೆಯಬಹುದು. ಆದರೆ ಅಕ್ಕನ ಮೊಮ್ಮಗುವಿಗೆ ಈಗಿನ್ನೂ ಮೂರು ವರ್ಷ. ಅದಕ್ಕೆ ಅಜ್ಜಿಯೊಡನೆ ಮಾತಾಡಲು ಬಾಯಿಯೊಂದೇ ಇರುವುದು.

ಈ ಚೌಕಗಳು ಎಲ್ಲಿಂದ ಬರುತ್ತವೆ? ನಾನು ಗಣಿತದ ಮೇಷ್ಟ್ರಾಗಿದ್ದವನು, ಕೇಳದೆ ಬಿಡುವ ಜಾತಿಯಲ್ಲ. ತಂಗಿಯ ಮೊಮ್ಮಗ ಇದೇ ವಿಷಯದಲ್ಲಿ ಎಂಜಿನಿಯರಿಂಗ್ ಸಂಶೋಧನೆ ಮಾಡುತ್ತಾನೆ. ಅವನನ್ನು ಕೂರಿಸಿಕೊಂಡು ಪಾಠ ಹೇಳಿಸಿಕೊಂಡೆ.

ಮೊದಲು ಒಂದು ಲೆಕ್ಕ. ಒಂದು ಒಳ್ಳೆಯ ವಿಡಿಯೋ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಗುಣಿಸಿದರೆ 20,73,600. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ ಬೇಕು. ಸೆಕೆಂಡಿಗೆ ಇಂಥ 25 ಚಿತ್ರಗಳು. ಒಟ್ಟು ಸೆಕೆಂಡಿಗೆ 15 ಕೋಟಿಗೂ ಹೆಚ್ಚು ಸಂಖ್ಯೆಗಳು! ಹೀಗೇ ಇದ್ದಂತೆ ಕಳಿಸಲು ನಮ್ಮ ಮೊಬೈಲಿನ ದಾರಿ ಸಾಲದು. ನೂರಾರು ಪಟ್ಟು ಕುಗ್ಗಿಸಿಯೇ ಕಳಿಸಬೇಕು.

ಕುಗ್ಗಿಸುವುದು ಹೇಗೆ? ನೀವು ಒಂದು ಸೀರೆಯನ್ನು ನೋಡದವರಿಗೆ ವರ್ಣಿಸುವಾಗ ಏನು ಮಾಡುತ್ತೀರಿ? ಎಳೆ ಎಳೆಯನ್ನೂ ಎಣಿಸಿ ಹೇಳುವುದಿಲ್ಲ. ‘ಹಸಿರು ಒಡಲು, ಸಣ್ಣ ಚೌಕಳಿ, ಕೆಂಪು ಸೆರಗು’ ಎನ್ನುತ್ತೀರಿ. ಮೂರು ಮಾತಿನಲ್ಲಿ ಆರು ಗಜದ ಸೀರೆ ಕಣ್ಣಿಗೆ ಕಟ್ಟುತ್ತದೆ. ಕಂಪ್ಯೂಟರ್ ಕೂಡ ಹಾಗೆಯೇ. ಚಿತ್ರವನ್ನು 8 ಸಾಲು, 8 ಕಂಬದ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕಕ್ಕೆ 64 ಚುಕ್ಕಿ. ಅವನ್ನು ಒಂದೊಂದಾಗಿ ಹೇಳುವ ಬದಲು, 64 ಸಿದ್ಧ ಪಟ್ಟೆವಿನ್ಯಾಸಗಳಲ್ಲಿ ಯಾವುದು ಎಷ್ಟು ಬೆರೆತಿದೆ ಎಂದು ಹೇಳುತ್ತದೆ. ಹೆಚ್ಚಿನ ಚೌಕಗಳಲ್ಲಿ ಕೆಲವೇ ವಿನ್ಯಾಸಗಳು ಮುಖ್ಯವಾಗಿರುತ್ತವೆ, ಉಳಿದವು ಸೊನ್ನೆಗೆ ಹತ್ತಿರ. ಕಣ್ಣಿಗೆ ಕಾಣದಷ್ಟು ಸಣ್ಣವನ್ನು ಬಿಟ್ಟುಬಿಡಬಹುದು.

ಈ ಲೆಕ್ಕದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿ.ಸಿ.ಟಿ. ಇದನ್ನು ಕಂಡುಕೊಂಡ ನಾಸಿರ್ ಅಹ್ಮದ್ ಅವರು 1940ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ! ಈಗ ಯು.ವಿ.ಸಿ.ಇ. ಎಂದು ಕರೆಯುವ ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ, ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದಾಗ, ಈ ಕೆಲಸಕ್ಕೆ ಹಣ ಬೇಕೆಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂಬಂತೆ ಪರಿಶೀಲಕರೊಬ್ಬರು ಹೇಳಿದ್ದನ್ನು ಅವರು ಮುಂದೆ ನೆನೆದಿದ್ದಾರೆ. ಅವರು ಕೈಬಿಡಲಿಲ್ಲ. ಶಿಷ್ಯ ಟಿ. ನಟರಾಜನ್, ಸಹೋದ್ಯೋಗಿ ಕೆ.ಆರ್. ರಾವ್ ಅವರೊಂದಿಗೆ ಕೆಲಸ ಮುಂದುವರಿಸಿ 1974ರ ಜನವರಿಯಲ್ಲಿ ಲೇಖನ ಪ್ರಕಟಿಸಿದರು. ನಿಮ್ಮ ಮೊಬೈಲಿನ ಜೆಪೆಗ್ ಫೋಟೋಗಳು ನಿಂತಿರುವುದು ಅದೇ ಲೆಕ್ಕದ ಮೇಲೆ. ವಿಡಿಯೋ ಕುಗ್ಗಿಸುವ ಬಹುತೇಕ ವಿಧಾನಗಳೂ ಅದರ ಮಕ್ಕಳು ಮೊಮ್ಮಕ್ಕಳೇ.

ವಿಡಿಯೋದಲ್ಲಿ ಇನ್ನೊಂದು ಉಪಾಯವಿದೆ. ಹಿಂದಿನ ಚಿತ್ರದಲ್ಲಿದ್ದ ಗೋಡೆ ಈ ಚಿತ್ರದಲ್ಲೂ ಇದ್ದರೆ ಅದನ್ನು ಮತ್ತೆ ಕಳಿಸುವುದಿಲ್ಲ. ಬದಲಾದದ್ದನ್ನು, ಸರಿದದ್ದನ್ನು ಮಾತ್ರ ಹೇಳಿ ಕಳಿಸುತ್ತಾರೆ.

ಈಗ ನಮ್ಮ ಚೌಕಗಳ ಗುಟ್ಟು ತಿಳಿಯುತ್ತದೆ. ದಾರಿ ಕಿರಿದಾದಾಗ ಕಂಪ್ಯೂಟರ್ ಇನ್ನೂ ಹೆಚ್ಚು ವಿವರಗಳನ್ನು ಕೈಬಿಡುತ್ತದೆ. ಮೊದಲು ಹೋಗುವುದೇ ನವಿರಾದ ಗೆರೆಗಳು, ಅಂದರೆ ತುಟಿಯ ಅಂಚು, ಹಲ್ಲಿನ ಸಾಲು. ಒಂದೊಂದು ಚೌಕವನ್ನೂ ಬೇರೆ ಬೇರೆಯಾಗಿ ಕುಗ್ಗಿಸಿರುವುದರಿಂದ ಪಕ್ಕದ ಚೌಕದೊಂದಿಗೆ ಅದರ ಅಂಚು ಕೂಡುವುದಿಲ್ಲ. ದಾರಿಯಲ್ಲಿ ಮಾಹಿತಿ ಕಳೆದುಹೋದರಂತೂ ಹಿಂದಿನ ಚಿತ್ರದ ತುಂಡುಗಳು ಹಾಗೇ ಉಳಿದು ಮುಖ ಚಿಂದಿಯಾಗುತ್ತದೆ.

ಹಾಗಾದರೆ ಚಿತ್ರ ‘ಚೆನ್ನಾಗಿದೆ’ ಎಂದು ಹೇಳುವವರು ಯಾರು? ಕಳಿಸಿದ ಚಿತ್ರ, ತಲುಪಿದ ಚಿತ್ರ ಎರಡನ್ನೂ ಇಟ್ಟು ಚುಕ್ಕಿ ಚುಕ್ಕಿಗೂ ವ್ಯತ್ಯಾಸ ಲೆಕ್ಕ ಹಾಕಬಹುದು. ಆದರೆ ಇಡೀ ಚಿತ್ರವನ್ನು ಸ್ವಲ್ಪ ಬೆಳ್ಳಗೆ ಮಾಡಿದರೂ, ಮಂಜು ಮಂಜಾಗಿ ಅಳಿಸಿದರೂ ಈ ಲೆಕ್ಕದಲ್ಲಿ ಒಂದೇ ಅಂಕ ಬರಬಹುದು. ಕಣ್ಣು ಹಾಗೆ ಒಪ್ಪುವುದಿಲ್ಲ. ಬೆಳ್ಳಗಿರುವುದನ್ನು ಅದು ಕ್ಷಮಿಸುತ್ತದೆ, ಅಳಿಸಿದ್ದನ್ನು ಕ್ಷಮಿಸುವುದಿಲ್ಲ. ಅದಕ್ಕೇ ಝೌ ವಾಂಗ್, ಅಲನ್ ಬೋವಿಕ್ ಮತ್ತು ಇನ್ನಿಬ್ಬರು ವಿಜ್ಞಾನಿಗಳು 2004ರಲ್ಲಿ ಚಿತ್ರದ ರಚನೆ ಉಳಿದಿದೆಯೇ ಎಂದು ಅಳೆಯುವ ಹೊಸ ಸೂತ್ರ ಕೊಟ್ಟರು. ಎಲ್ಲ ಸೂತ್ರಗಳಿಗೂ ಕೊನೆಯ ಸಾಕ್ಷಿ ಮನುಷ್ಯರೇ. ಜನರನ್ನು ಕೂರಿಸಿ, ವಿಡಿಯೋ ತೋರಿಸಿ, 1ರಿಂದ 5ರವರೆಗೆ ಅಂಕ ಕೊಡಿಸಿ ಸರಾಸರಿ ತೆಗೆಯುತ್ತಾರೆ.

ಇಲ್ಲಿ ನಾನು ಹುಡುಗನನ್ನು ತಡೆದು ಕೇಳಿದೆ: ‘ಅಂಕ ಕೊಡಲು ನಮ್ಮಕ್ಕನಂಥವರನ್ನು ಯಾರಾದರೂ ಕೂರಿಸಿದ್ದಾರೇನಪ್ಪ?’

‘ಕೂರಿಸಿದ್ದಾರೆ ತಾತ’ ಎಂದ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಈವ್ ರಿಸ್ಕಿನ್, ರಿಚರ್ಡ್ ಲ್ಯಾಡ್ನರ್, ಕಾರ್ನೆಲ್ ವಿಶ್ವವಿದ್ಯಾಲಯದ ಶೀಲಾ ಹೆಮಾಮಿ ಮತ್ತು ಸಂಗಡಿಗರು ಕಿವುಡರು ಮೊಬೈಲಿನಲ್ಲಿ ಸಂಜ್ಞೆಯ ಭಾಷೆಯಲ್ಲಿ ಮಾತಾಡಲೆಂದೇ ಒಂದು ಯೋಜನೆ ನಡೆಸಿದರು. ಸಂಜ್ಞೆ ನೋಡುವವರು ಕೈಗಿಂತ ಹೆಚ್ಚಾಗಿ ಎದುರಿನವರ ಮುಖವನ್ನೇ ನೋಡುತ್ತಿರುತ್ತಾರೆ. ಆದ್ದರಿಂದ ಹಿನ್ನೆಲೆಯ ವಿವರ ಕಡಿಮೆ ಮಾಡಿ ಮುಖಕ್ಕೂ ಕೈಗೂ ಹೆಚ್ಚು ಪಾಲು ಕೊಟ್ಟರು. ಚಿತ್ರ ಅಂದವಾಗಿದೆಯೇ ಎನ್ನುವುದಕ್ಕಿಂತ ಮಾತು ಅರ್ಥವಾಯಿತೇ ಎಂಬುದೇ ಅವರ ಪ್ರಶ್ನೆಯಾಗಿತ್ತು. 2010ರಲ್ಲಿ ಕಿವುಡ ವಿದ್ಯಾರ್ಥಿಗಳೇ ಅದನ್ನು ದಿನಬಳಕೆಯಲ್ಲಿ ಪರೀಕ್ಷಿಸಿದರು. ಆ ಪ್ರಶ್ನೆ ಕೇಳಿದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಕ್ಯಾಮೆರಾದ ಪಾಲೂ ಇದೆ. ಅದರೊಳಗಿನ ಚಿಪ್ಪಿನ ಮೇಲೆ ಬೆಳಕು ಹಿಡಿಯುವ ಲಕ್ಷಾಂತರ ಪುಟ್ಟ ಗುಂಡಿಗಳಿವೆ ಎಂದುಕೊಳ್ಳಿ. ಅವಕ್ಕೆ ಬೆಳಕು ಎಷ್ಟು ಎಂಬುದಷ್ಟೇ ಗೊತ್ತು, ಬಣ್ಣ ಗೊತ್ತಿಲ್ಲ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಅವುಗಳ ಮೇಲೆ ಬಣ್ಣದ ಸೋಸುಗಗಳನ್ನು ಹೊದಿಸುವ ಕ್ರಮ ಹೇಳಿಕೊಟ್ಟರು. ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಅದಕ್ಕೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಹಸಿರಿಗೆ ಎರಡು ಪಾಲು ಏಕೆಂದರೆ ನಮ್ಮ ಕಣ್ಣು ನವಿರಾದ ವಿವರಗಳನ್ನು ಗುರುತಿಸಲು ಹಸಿರು ಬೆಳಕನ್ನೇ ಹೆಚ್ಚು ನೆಚ್ಚಿಕೊಂಡಿದೆ. ಮಬ್ಬು ಬೆಳಕಿನಲ್ಲಿ ಈ ಗುಂಡಿಗಳು ತುಂಬುವುದಿಲ್ಲ, ಚಿತ್ರದ ಮೇಲೆಲ್ಲ ಮರಳು ಎರಚಿದ ಹಾಗೆ ಕಾಳು ಕಾಳು ಕಾಣುತ್ತದೆ. ಆ ಕಾಳುಗಳಿಗೆ ಗೊತ್ತುಗುರಿಯಿಲ್ಲ, ಆದ್ದರಿಂದ ಅವನ್ನು ಕುಗ್ಗಿಸುವುದೂ ಕಷ್ಟ. ಮುಖಕ್ಕೆ ಸಿಗಬೇಕಾದ ಜಾಗವನ್ನು ಕಾಳುಗಳು ತಿಂದುಬಿಡುತ್ತವೆ.

ಇಷ್ಟು ತಿಳಿದ ಮೇಲೆ ನಮ್ಮ ಮನೆಯಲ್ಲಿ ಕೆಲವು ನಿಯಮ ಮಾಡಿಕೊಂಡೆವು. ಅಕ್ಕನ ಜೊತೆ ಮಾತಾಡುವವರು ಕಿಟಕಿಗೆ ಮುಖ ಮಾಡಿ ಕೂರಬೇಕು, ಬೆನ್ನು ಮಾಡಿ ಅಲ್ಲ. ಹಿಂದೆ ಬರಿಯ ಗೋಡೆ ಇರಬೇಕು. ಹಾರಾಡುವ ಪರದೆ, ತಿರುಗುವ ಫ್ಯಾನು ಬೇಡ, ಅದಕ್ಕೂ ಮಾಹಿತಿ ಖರ್ಚಾಗುತ್ತದೆ. ಫೋನನ್ನು ಕೈಯಲ್ಲಿ ಅಲ್ಲಾಡಿಸದೆ ಏನಕ್ಕಾದರೂ ಒರಗಿಸಬೇಕು. ಮುಖ್ಯವಾದ ಸುದ್ದಿಯನ್ನು ಹೇಳಿದ ಮೇಲೆ ಒಂದು ಸಾಲು ಬರೆದೂ ಕಳಿಸಬೇಕು. ಚೌಕಗಳು ಪೂರ್ತಿ ಹೋಗಿಲ್ಲ, ಬಹಳ ಕಡಿಮೆಯಾಗಿವೆ. ಪುಣೆಯ ಮಗು ಈಗ ತಾನೇ ಓಡಿಹೋಗಿ ಕಿಟಕಿಯ ಮುಂದಿನ ಕುರ್ಚಿ ಹತ್ತಿ ‘ಅಜ್ಜಿ’ ಎನ್ನುತ್ತದೆ.

ನಿಮ್ಮ ಮನೆಯಲ್ಲೂ ಕಿವಿ ಮಂದವಾದ ಅಜ್ಜನೋ ಅಜ್ಜಿಯೋ ಇರಬಹುದು. ಕೇಳಿಸಿತು ಎಂದು ತಲೆಯಾಡಿಸುವ ಅನೇಕರು ನಿಜವಾಗಿ ನಿಮ್ಮ ತುಟಿಯನ್ನೇ ನೋಡುತ್ತಿರುತ್ತಾರೆ. ಈ ಭಾನುವಾರ ಕರೆ ಮಾಡಿದಾಗ ಬೆಳಕಿಗೆ ಮುಖ ಹಿಡಿದು ನಿಧಾನವಾಗಿ ಮಾತಾಡಿ. ಕೊನೆಗೆ, ‘ಅಜ್ಜಿ, ಚಿತ್ರಕ್ಕೆ ಐದರಲ್ಲಿ ಎಷ್ಟು ಅಂಕ?’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಭಾನುವಾರ ಕೂರುವ ಜಾಗ ಬದಲಿಸಿ ಮತ್ತೆ ಕೇಳಿ. ಎಲ್ಲಿ ಕೂತರೆ ಹೆಚ್ಚು ಅಂಕ ಬರುತ್ತದೆಂದು ನಾಲ್ಕು ವಾರದಲ್ಲಿ ನಿಮಗೇ ತಿಳಿಯುತ್ತದೆ.