ಮುಂದಿಟ್ಟ ಬಿಲ್ಲೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮಗನ ಮನೆಯಲ್ಲಿದ್ದಾಗಿನ ಮಾತಿದು. ದೀಪಾವಳಿ ಕಳೆದ ವಾರವೋ ಅದರ ಮುಂದಿನ ವಾರವೋ, ಈಗ ಸರಿಯಾಗಿ ನೆನಪಿಗೆ ಬರುತ್ತಿಲ್ಲ. ಮಳೆ ಹಿಡಿದಿತ್ತು ಅನ್ನೋದು ಮಾತ್ರ ಖಚಿತ. ಆ ಸೀಮೆಯಲ್ಲಿ ಬೇಸಿಗೆಯೆಲ್ಲ ಒಂದು ಹನಿ ಬೀಳೋದು ಅಪರೂಪ. ಮಳೆಯೂ ಚಳಿಯೂ ಕೈ ಹಿಡಿದುಕೊಂಡೇ ಬರುತ್ತವೆ. ನಮ್ಮೂರು ಸಾಗರದ ಮಳೆ ನೋಡಿ ಬೆಳೆದ ನನಗೆ ಆ ಸದ್ದಿಲ್ಲದ ಜಿಟಿಜಿಟಿಯನ್ನು ಮಳೆ ಅನ್ನಲಿಕ್ಕೇ ಮನಸ್ಸಾಗುತ್ತಿರಲಿಲ್ಲ.

ಶನಿವಾರ ರಾತ್ರಿ ಹುಡುಗರು ಕಾರುಗಳನ್ನು ಹೊರಗೆ ನಿಲ್ಲಿಸಿ, ಗ್ಯಾರೇಜಿನಲ್ಲಿ ಮೇಜು ಹಾಕಿ, ಕಾಲ ಬಳಿ ಹೀಟರ್ ಇಟ್ಟುಕೊಂಡು ಪೋಕರ್ ಆಡೋರು. ದುಡ್ಡು ಅಂತ ಇಡುತ್ತಿದ್ದದ್ದು ಅಲ್ಪ. ಹರಟೆ ಜಾಸ್ತಿ, ತಿಂಡಿ ಅದಕ್ಕಿಂತ ಜಾಸ್ತಿ. ಸೊಸೆ ಮಾಡಿಟ್ಟ ಕೋಡುಬಳೆ, ಒಗ್ಗರಣೆ ಮಂಡಕ್ಕಿ, ನಡುನಡುವೆ ಶುಂಠಿ ಹಾಕಿದ ಚಹಾ. ನಾನು ಆಡುತ್ತಿರಲಿಲ್ಲ, ಬೆಚ್ಚಗೆ ಕೂತು ನೋಡುತ್ತಿದ್ದೆ.

ಎಲೆ ಹಂಚೋಕೆ ಬರುತ್ತಿದ್ದವರು ಪಕ್ಕದ ಮನೆಯ ಅಜ್ಜ, ವಿಯೆಟ್ನಾಮಿನವರು. ಸ್ಯಾನ್ ಹೋಸೆಯ ಕಾರ್ಡ್‌ರೂಮೊಂದರಲ್ಲಿ ಬಹಳ ವರ್ಷ ಡೀಲರ್ ಆಗಿದ್ದು ನಿವೃತ್ತರಾಗಿದ್ದರು. ಅಂಥ ಕಡೆ ಪೋಕರ್ ಆಡುವವರು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ. ಜಾಗ ಕೊಟ್ಟವರು ತಮ್ಮ ಶುಲ್ಕ ತಗೊಳ್ತಾರೆಯೇ ಹೊರತು ಪೋಕರ್ ಕೈಯಲ್ಲಿ ಪಾಲುದಾರರಲ್ಲ. ಹಾಗಾಗಿ ಎಲೆ ಹಂಚುವವನಿಗೆ ಯಾರು ಗೆದ್ದರೂ ಒಂದೇ. ಆ ನಿರ್ಲಿಪ್ತತೆ ಅಜ್ಜನ ಮುಖದಲ್ಲೇ ಇತ್ತು. ಆಟ ನಡೆಯುವಾಗ ತಿಂಡಿ ಮುಟ್ಟುತ್ತಿರಲಿಲ್ಲ, ಎಣ್ಣೆ ಕೈ ಎಲೆಗೆ ತಾಗಬಾರದು ಅಂತ. ಒಂದು ಕೈ ಮುಗಿದ ಮೇಲೆ ಕೋಡುಬಳೆಯೊಂದನ್ನು ಚೂರು ಮಾಡಿ ತಿಂದು, ಬೆರಳು ಒಂದೊಂದಾಗಿ ಒರೆಸಿಕೊಂಡು, ಮತ್ತೆ ಎಲೆ ಕಲಸೋರು. ಮೇಜು ಬಿಟ್ಟು ಏಳುವಾಗ ಎರಡೂ ಅಂಗೈ ಒಮ್ಮೆ ತಟ್ಟಿ, ಮೇಲೆ ಕೆಳಗೆ ತಿರುಗಿಸಿ ತೋರಿಸೋರು. ಕೈಯಲ್ಲಿ ಏನೂ ಅಡಗಿಲ್ಲ ಅಂತ ಕ್ಯಾಮೆರಾಕ್ಕೆ ತೋರಿಸುವ ಡೀಲರುಗಳ ಪದ್ಧತಿ ಅದು. ಗ್ಯಾರೇಜಿನಲ್ಲಿ ಯಾವ ಕ್ಯಾಮೆರಾನೂ ಇರಲಿಲ್ಲ. ಆದರೂ ಬಿಡುತ್ತಿರಲಿಲ್ಲ.

ಆ ರಾತ್ರಿ ಮೇಜಿಗೆ ಹೊಸಬಳೊಬ್ಬಳು ಬಂದಿದ್ದಳು, ಸೊಸೆಯ ಗೆಳತಿ. ಆಟ ಆಗಷ್ಟೇ ಕಲಿತವಳು. ನಾಲ್ಕನೇ ಎಲೆ ಬಿಚ್ಚಿದ ಮೇಲೆ ಇರಬೇಕು, ದುಡ್ಡಿನ ಬದಲಿಗೆ ಇಡುವ ಬಿಲ್ಲೆಗಳಲ್ಲಿ 25ರ ಹಸಿರು ಬಿಲ್ಲೆಯೊಂದನ್ನು ಹೆದರಿಹೆದರಿ ಮುಂದಿಟ್ಟಳು. ಅವಳ ನಂತರದ ಸರದಿ ಮೈಸೂರಿನ ಹುಡುಗನದು. ಒಳ್ಳೆಯ ಹುಡುಗ, ಆದರೆ ಕೈ ಬಾಯಿಗಿಂತ ಮುಂದೆ. ಮಾತಿಲ್ಲದೆ 100ರ ಕಪ್ಪು ಬಿಲ್ಲೆಯನ್ನು ಮುಂದಕ್ಕೆ ತಳ್ಳಿದ. ಅವಳ ಮುಖ ನೋಡಿದ. ಆಮೇಲೆ, “ರೇಯ್ಸ್” ಅಂದ.

“ಕಾಲ್,” ಅಂದರು ಅಜ್ಜ. ಏರಿಸಿದ್ದಲ್ಲ, ಅವಳು ಇಟ್ಟಷ್ಟಕ್ಕೇ ಒಪ್ಪಿಕೊಂಡದ್ದು ಅಂತ.

“ಅಯ್ಯೋ, 100 ಇಟ್ಟಿದೀನಲ್ಲಾ!”

ಅಜ್ಜ ನಿಧಾನವಾಗಿ ಬಿಡಿಸಿ ಹೇಳಿದರು. ಬೇಕಾದ್ದಕ್ಕಿಂತ ದೊಡ್ಡ ಬಿಲ್ಲೆ ಒಂದನ್ನೇ ಸುಮ್ಮನೆ ಮುಂದಿಟ್ಟರೆ ಅದು ಕಾಲ್; 75 ಚಿಲ್ಲರೆ ವಾಪಸ್ ಬರುತ್ತದೆ. ಏರಿಸಬೇಕು ಅಂತಿದ್ದರೆ ಬಿಲ್ಲೆ ಮುಂದೆ ಹೋಗುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಸರದಿಯಲ್ಲಿ ಆಡಿದ ಮಾತಿಗೆ ಬಿಲ್ಲೆಯಷ್ಟೇ ತೂಕ.

ಹುಡುಗ ಮುಖ ಕೆಂಪಗೆ ಮಾಡಿಕೊಂಡು, “ಸರಿ, ಹಾಗಾದ್ರೆ ನನ್ ಚಿಲ್ಲರೆ ನಾನೇ ತಗೋತೀನಿ,” ಅಂತ ಕೈ ಚಾಚಿದ. ಅಜ್ಜ ತಮ್ಮ ಅಂಗೈಯನ್ನು ಬಿಲ್ಲೆಗಳ ಮೇಲೆ, ತಾಗದ ಹಾಗೆ, ಒಂದು ಗೇಣು ಎತ್ತರದಲ್ಲಿ ಚಾಚಿ ಹಿಡಿದರು. ಅವನ ಕೈ ಅಲ್ಲೇ ನಿಂತಿತು. ಚಿಲ್ಲರೆಯನ್ನು ಅಜ್ಜನೇ ಎಣಿಸಿ ಅವನ ಮುಂದೆ ಇಟ್ಟರು, ಎಲ್ಲರಿಗೂ ಕಾಣುವ ಹಾಗೆ ಬಿಡಿಬಿಡಿಯಾಗಿ ಹರಡಿ.

ನಮ್ಮೂರಿನ ಆಟ ಹೀಗಿರಲಿಲ್ಲ ನೋಡಿ. ಹಬ್ಬದ ರಾತ್ರಿ ಜಗಲಿಯಲ್ಲಿ ಹುಣಿಸೆ ಬೀಜ ಇಟ್ಟು ಮೂರೆಲೆ ಆಡುವಾಗ ಎಲ್ಲರ ಕೈಯೂ ನಡುವಿನ ರಾಶಿಯಲ್ಲೇ. “ಹತ್ತು ಹಾಕಿದೆ, ಐದು ತಗೊಂಡೆ ಮಾರಾಯ” ಅನ್ನೋದು, “ಐದೋ ಆರೋ?” ಅಂತ ಇನ್ನೊಬ್ಬರು ತೆಗೆಯೋದು. ಬೀಜದ ಲೆಕ್ಕಕ್ಕೆ ಶುರುವಾದದ್ದು ಬೆಳಿಗ್ಗೆ ಕಾಫಿಯ ಹೊತ್ತಿಗೂ ಮುಗಿಯುತ್ತಿರಲಿಲ್ಲ. ಚಿಕ್ಕಪ್ಪನೊಬ್ಬರು ಅದೇ ಕಾರಣಕ್ಕೆ ಒಂದಿಡೀ ಹಬ್ಬ ಮಾತು ಬಿಟ್ಟಿದ್ದರು.

ಫ್ರೀಮಾಂಟಿನ ಮೇಜಿಗೆ ಬರುತ್ತೇನೆ. “ಮನೆ ಆಟಕ್ಕೆ ಇಷ್ಟೆಲ್ಲ ಯಾಕೆ?” ಅಂತ ಯಾರೋ ಕೇಳಿದರು, ನನ್ನ ಮಗನೇ ಇರಬಹುದು. ಅಜ್ಜ ಹೇಳಿದ್ದರ ಸಾರ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಒಂದಿಷ್ಟು ಬಿಲ್ಲೆ ಮುಂದಿಟ್ಟು, ಎದುರಿನವರ ಮುಖ ನೋಡಿ, ಮತ್ತಿಷ್ಟು ತರಲು ಕೈ ಹಿಂದೆ ಹೋದರೆ ಆಟ ಓರೆಯಾಯಿತು. ಹೊಸಬರಿಗೆ ಮುಖದ ಭಾವ ಮುಚ್ಚಿಕೊಳ್ಳಲು ಬರುವುದಿಲ್ಲ. ಅವರು ಬೆಚ್ಚಿದರೆ ಇನ್ನಷ್ಟು ಇಡೋದು, ಗಟ್ಟಿಯಾಗಿ ಕೂತರೆ ಇಷ್ಟೇ ಸಾಕು ಅನ್ನೋದು ನಡೆಯಕೂಡದು. ಬಿಲ್ಲೆಗಳನ್ನು ರಾಶಿಗೆ ಎಸೆಯುವುದೂ ತಪ್ಪು, ಎಷ್ಟು ಬಿತ್ತು ಅಂತ ಯಾರಿಗೂ ತಿಳಿಯದು. ತಮ್ಮ ತಮ್ಮ ಮುಂದೆ ಓರಣವಾಗಿ ಇಡಬೇಕು. ಸುತ್ತು ಮುಗಿದ ಮೇಲೆ ಹಂಚುವವರು ನಡುವಿಗೆ ಎಳೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಆ ಕೈ ಮುಗಿಯುವ ತನಕ ಅದು ಯಾರದ್ದೂ ಅಲ್ಲ.

ಇಂಥ ನಿಯಮಗಳೂ ಊರಿಗೊಂದು, ಕ್ಲಬ್ಬಿಗೊಂದು ಅಂತಿದ್ದವಂತೆ. 2001ರಲ್ಲಿ ಮ್ಯಾಟ್ ಸ್ಯಾವೇಜ್, ಲಿಂಡಾ ಜಾನ್ಸನ್ ಮೊದಲಾದವರು ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಕಟ್ಟಿ ಪಂದ್ಯಾವಳಿಗಳಿಗೆ ಒಂದೇ ನಿಯಮಾವಳಿ ತರಲು ಹೊರಟರು. ಆ ಒಂಟಿ ಬಿಲ್ಲೆಯ ನಿಯಮ ಅದರಲ್ಲೂ ಇದೆ ಅಂತ ಮಗ ಮಾರನೆಯ ದಿನ ಫೋನಿನಲ್ಲಿ ತೋರಿಸಿದ.

ಆ ಕೈ ಯಾರು ಗೆದ್ದರು ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆ ಹುಡುಗಿ ಅಲ್ಲಿಂದಾಚೆಗೆ ಬೆನ್ನು ನೆಟ್ಟಗೆ ಮಾಡಿ ಕೂತು ಆಡಿದಳು, ಅದು ಗೊತ್ತು. ಮೈಸೂರಿನ ಹುಡುಗ ಸ್ವಲ್ಪ ಹೊತ್ತು ಬಿಗಿದುಕೊಂಡಿದ್ದವನು ಚಹಾ ಬಂದ ಮೇಲೆ ಸಡಿಲಾದ. ಇನ್ನೊಂದು ಶನಿವಾರ ದಾವಣಗೆರೆ ಕಡೆಯವರೊಬ್ಬರು ಹೊಸದಾಗಿ ಬಂದಾಗ, ಅಜ್ಜ ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ: “ಅಣ್ಣಾ, ಮೊದ್ಲು ಹೇಳಿ, ಆಮೇಲೆ ಇಡಿ. ಇಟ್ಟಿದ್ದನ್ನ ಮುಟ್ಬೇಡಿ.”

ಮೇಜಿನ ಸುತ್ತ ಕೂತವರಲ್ಲಿ ಜೋರು ಬಾಯಿಯವರೂ ಇರುತ್ತಾರೆ, ಸಂಕೋಚದವರೂ ಇರುತ್ತಾರೆ. ಮುಂದಿಟ್ಟದ್ದನ್ನು ಯಾರೂ ಮುಟ್ಟದಿದ್ದರೆ ಇಬ್ಬರಿಗೂ ಒಂದೇ ನ್ಯಾಯ. ನೆಂಟರಿಷ್ಟರ ನಡುವಿನ ಆಟಕ್ಕೆ ಈ ಕಟ್ಟು ಇನ್ನೂ ಹೆಚ್ಚು ಬೇಕು, ಯಾಕೆಂದರೆ ಅಲ್ಲಿ ಅನುಮಾನ ಬಂದರೂ ಬಾಯಿಬಿಟ್ಟು ಕೇಳೋದು ಕಷ್ಟ. ಯಾರ ಮನೆಯಲ್ಲಿ ಎಲೆ ಆಟಕ್ಕೆ ಕೂತರೂ ಮೊದಲ ಎಲೆ ಹಂಚುವ ಮುಂಚೆ ಇಷ್ಟನ್ನು ಎಲ್ಲರ ಕಿವಿಗೂ ಹಾಕಿಬಿಡಬೇಕು. ಆಮೇಲೆ ಸೋತವರೂ ನೆಮ್ಮದಿಯಿಂದ ಊಟಕ್ಕೆ ಏಳುತ್ತಾರೆ.