ಬಿಡಿಭಾಗಗಳ ಊರು ವಿಚಿಟಾ

ಅಮೆರಿಕದ ನಕಾಶೆಯ ನಟ್ಟನಡುವೆ ಕ್ಯಾನ್ಸಸ್ ರಾಜ್ಯ. ಗೋಧಿ ಹೊಲ, ಎಡೆಬಿಡದ ಗಾಳಿ, ಮತ್ತೆ ಗೋಧಿ ಹೊಲ. ಈ ಬಯಲಿನ ವಿಚಿಟಾ ನಗರ ತನ್ನನ್ನು 'ಜಗತ್ತಿನ ವಿಮಾನ ರಾಜಧಾನಿ' ಎಂದು ಕರೆದುಕೊಳ್ಳುತ್ತದೆ. ಬಡಾಯಿಯಂತೆ ಕೇಳಿಸಿದರೂ ಚರಿತ್ರೆ ಅದರ ಪರವಾಗಿದೆ. 1925ರಲ್ಲಿ ಕ್ಲೈಡ್ ಸೆಸ್ನಾ, ವಾಲ್ಟರ್ ಬೀಚ್, ಲಾಯ್ಡ್ ಸ್ಟಿಯರ್‌ಮನ್ ಮೂವರೂ ಸೇರಿ ಇಲ್ಲೊಂದು ಕಂಪನಿ ಕಟ್ಟಿದರು, ಆಮೇಲೆ ಬೇರೆ ಬೇರೆಯಾಗಿ ತಮ್ಮ ತಮ್ಮ ಹೆಸರಿನಲ್ಲೇ ಕಾರ್ಖಾನೆ ತೆರೆದರು. 1962ರಲ್ಲಿ ಬಿಲ್ ಲಿಯರ್ ಸ್ವಿಟ್ಜರ್ಲೆಂಡಿನಲ್ಲಿ ಶುರುಮಾಡಿದ್ದ ಜೆಟ್ ಕೆಲಸವನ್ನು ಇಲ್ಲಿಗೆ ಸಾಗಿಸಿಕೊಂಡು ಬಂದರು. ಮರುವರ್ಷವೇ ಮೊದಲ ಲಿಯರ್‌ಜೆಟ್ ಹಾರಿತು. ಉದ್ಯಮಿಗಳು, ನಟರು, ರಾಜಕಾರಣಿಗಳು ಹತ್ತುವ ಪುಟ್ಟ ವಿಮಾನಗಳ ತವರು ಎಂದರೆ ಇದೇ.

ಈ ಊರಿಗೆ ಹೋದಾಗ ಹೊಸ ವಿಮಾನ ಹುಟ್ಟುವುದನ್ನು ನೋಡುವ ಆಸೆ ನನಗೆ ಅಷ್ಟಿರಲಿಲ್ಲ. ಹಳೆಯವನ್ನು ಬದುಕಿಸಿಕೊಳ್ಳುವುದು ಹೇಗೆ ಎನ್ನುವುದೇ ಕುತೂಹಲ. ಅದಕ್ಕೆ ಮೊದಲು ನೋಡಬೇಕಾದದ್ದು ಊರಿನ ಹಳೆಯ ವಿಮಾನ ನಿಲ್ದಾಣದ ಕಟ್ಟಡ. 1935ರಲ್ಲಿ ತೆರೆದ ಆ ಚೆಂದದ ಟರ್ಮಿನಲ್ ಈಗ ವಿಮಾನ ವಸ್ತುಸಂಗ್ರಹಾಲಯ. ಅಲ್ಲಿ ಬೀಚ್‌ಕ್ರಾಫ್ಟ್ ಸ್ಟಾರ್‌ಶಿಪ್ ಇದೆ. ಮೂತಿಯ ಪಕ್ಕ ಪುಟ್ಟ ರೆಕ್ಕೆ, ದೊಡ್ಡ ರೆಕ್ಕೆ ಹಿಂದೆ, ಪ್ರೊಪೆಲ್ಲರ್‌ಗಳು ಅದಕ್ಕಿಂತ ಹಿಂದೆ. ಹಿಂದುಮುಂದಾಗಿ ಹಾರುತ್ತದೇನೋ ಎಂದು ಅನುಮಾನ ಹುಟ್ಟಿಸುವ ಆಕಾರ. ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಕೈಚಳಕ ಇದರಲ್ಲಿದೆ. ಮೈಯೆಲ್ಲ ಕಾರ್ಬನ್ ನಾರು. 1986ರಲ್ಲಿ ಇದು ಹಾರಿದಾಗ ಇಂಥದ್ದು ತೀರಾ ಅಪರೂಪ. (ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿ 2004ರಲ್ಲಿ ಹಾರಿಸಿದ 'ಸರಸ್' ವಿಮಾನಕ್ಕೂ ಪ್ರೊಪೆಲ್ಲರ್ ಹಿಂದೆಯೇ, ಎಂಜಿನ್ ಕೂಡ ಸ್ಟಾರ್‌ಶಿಪ್‌ನಂತೆ ಪಿಟಿ6 ಕುಟುಂಬದ್ದು.)

ಆದರೆ ಸ್ಟಾರ್‌ಶಿಪ್ ಕಟ್ಟಿದ್ದು 53 ಮಾತ್ರ. ಅಷ್ಟು ಕಡಿಮೆ ವಿಮಾನಗಳಿಗಾಗಿ ಬಿಡಿಭಾಗದ ಗೋದಾಮು, ತಿಳಿದ ಕೆಲಸಗಾರರು, ಕೈಪಿಡಿ ಎಲ್ಲವನ್ನೂ ಸಾಕುವುದು ದುಬಾರಿಯೆಂದು ಬೀಚ್‌ಕ್ರಾಫ್ಟ್‌ನ ಆಗಿನ ಮಾಲೀಕ ಕಂಪನಿ ರೇಥಿಯಾನ್ 2003ರಲ್ಲಿ ಅವುಗಳನ್ನು ವಾಪಸು ಪಡೆಯಲು ಹೊರಟಿತು. ಹಾರಬಲ್ಲ ವಿಮಾನಗಳು ಅರಿಝೋನಾದ ಮರುಭೂಮಿಗೆ ಹೋಗಿ ಪುಡಿಯಾದವು, ಸುಟ್ಟುಹೋದವು. ಕೆಲವು ಮಾಲೀಕರು ಮಾತ್ರ ಪಟ್ಟು ಬಿಡಲಿಲ್ಲ. ಬಿಡಿಭಾಗಗಳನ್ನು ಸಗಟಾಗಿ ಕೊಂಡು ಗೋದಾಮಿನಲ್ಲಿ ತುಂಬಿಕೊಂಡರು. ಹಾಗೆ ಉಳಿದ ಒಂದು ಸ್ಟಾರ್‌ಶಿಪ್ 2004ರಲ್ಲಿ, ರುಟಾನ್ ಅವರದೇ ಸ್ಪೇಸ್‌ಶಿಪ್‌ಒನ್ ಅಂತರಿಕ್ಷಕ್ಕೆ ಚಿಮ್ಮಿದಾಗ ಬೆಂಗಾವಲಾಗಿ ಹಾರಿತು. ಹಾರಲು ಬಾರದೆ ಸತ್ತ ವಿಮಾನವಲ್ಲ ಸ್ಟಾರ್‌ಶಿಪ್. ಬಿಡಿಭಾಗ ಒದಗಿಸುವವರಿಲ್ಲದೆ ಸತ್ತದ್ದು.

ಪರಿಚಿತರೊಬ್ಬರ ದಯೆಯಿಂದ ದುರಸ್ತಿಯ ಹ್ಯಾಂಗರೊಂದರ ಒಳಗೂ ಕಾಲಿಟ್ಟೆ. ಜೆಟ್ಟೊಂದರ ಸೀಟು, ನೆಲಹಾಸು, ಗೋಡೆಯ ಫಲಕ ಎಲ್ಲ ಕಳಚಿ ಬದಿಗಿಟ್ಟಿದ್ದರು. ಒಳಗೆ ಬರೀ ತಂತಿ, ಕೊಳವೆ, ರಿವೆಟ್ಟು. ಹಳೆಯ ಸೆಸ್ನಾ ಸೈಟೇಷನ್ ಜೆಟ್‌ಗಳಿಗೆ 1200 ಗಂಟೆ ಹಾರಾಟಕ್ಕೋ ಮೂರು ವರ್ಷಕ್ಕೋ, ಯಾವುದು ಮೊದಲೋ ಆಗ, ಇಂಥ ದೊಡ್ಡ ತಪಾಸಣೆ ಕಡ್ಡಾಯ. ತುಕ್ಕು ಕಂಡರೆ ಮುಗಿಯಿತು, ಭಾಗ ಬರುವ ತನಕ ಕದಲುವಂತಿಲ್ಲ. ಹೀಗೆ ಕೂತುಬಿಟ್ಟ ವಿಮಾನವನ್ನು ಈ ಕಸುಬಿನವರು 'ಎಒಜಿ' (ಏರ್‌ಕ್ರಾಫ್ಟ್ ಆನ್ ಗ್ರೌಂಡ್) ಎನ್ನುತ್ತಾರೆ. ಆ ಮೂರಕ್ಷರ ಕಿವಿಗೆ ಬಿದ್ದರೆ ನಡುರಾತ್ರಿಯಲ್ಲೂ ಫೋನುಗಳು ಓಡಾಡುತ್ತವೆ. ಕೋವಿಡ್ ಬಂದು ಹೋದ ಮೇಲೆ ಕಾಯುವಿಕೆ ಇನ್ನೂ ಉದ್ದವಾಗಿದೆ: ನುರಿತ ಕೈಗಳು ನಿವೃತ್ತಿ ಹೊಂದಿದವು, ಎರಕದ ಭಾಗ ಮಾಡುವವರು ಹಿಂದೆ ಬಿದ್ದರು.

ಹಾಗಾಗಿ ಹಳೆಯ ವಿಮಾನಗಳನ್ನು ಬಿಚ್ಚಿ ಮಾರುವ ವ್ಯಾಪಾರ ಜೋರು. 2015ರ ಕೊನೆಗೆ ಅಮೆರಿಕದಲ್ಲಿ ಸಣ್ಣ ಜೆಟ್‌ಗಳಿಗೂ ಶಬ್ದದ ಕಟ್ಟುನಿಟ್ಟು ಬಂದಾಗ ಹಳೆಯ ಗದ್ದಲದ ಲಿಯರ್‌ಜೆಟ್‌ಗಳು ಹಾರುವ ಹಕ್ಕನ್ನೇ ಕಳೆದುಕೊಂಡವು. ಆದರೂ ಬಿಚ್ಚಿದ ಭಾಗದ ಬೆಲೆ ಇರುವುದು ಲೋಹದಲ್ಲಲ್ಲ, ಅದಕ್ಕೆ ಕಟ್ಟಿದ ಕಾಗದದಲ್ಲಿ. ಎಲ್ಲಿ ತಯಾರಾಯಿತು, ಯಾವ ವಿಮಾನದಲ್ಲಿ ಎಷ್ಟು ಗಂಟೆ ದುಡಿಯಿತು, ಯಾರು ಪರೀಕ್ಷಿಸಿ ಸಹಿ ಹಾಕಿದರು ಎನ್ನುವ ಜಾತಕ ಇಲ್ಲದಿದ್ದರೆ ಹೊಳೆಯುವ ಭಾಗವೂ ಗುಜರಿ. ಇದು ಅತಿಯಾಯಿತು ಎನ್ನುವವರು 2023ರ ಸುದ್ದಿ ನೆನೆಯಲಿ. ಬ್ರಿಟನ್ನಿನ ವ್ಯಾಪಾರಿ ಕಂಪನಿಯೊಂದು ಖೋಟಾ ಪತ್ರ ಲಗತ್ತಿಸಿ ಎಂಜಿನ್ ಭಾಗಗಳನ್ನು ಮಾರಿದ್ದು ಬಯಲಾಗಿ, ದೊಡ್ಡ ದೊಡ್ಡ ಏರ್‌ಲೈನ್‌ಗಳೇ ಎಂಜಿನ್ ಬಿಚ್ಚಿ ಹುಡುಕಬೇಕಾಯಿತು.

ದುರಸ್ತಿಯ ಖರ್ಚಿಗೆ ಹೆದರುವ ಮಾಲೀಕರಿಗೆ ಇನ್ನೊಂದು ದಾರಿಯಿದೆ: ಗಂಟೆಯ ಲೆಕ್ಕ. ಆಟೋ ಮೀಟರಿನಂತೆ, ಎಂಜಿನ್ ಓಡಿದಷ್ಟಕ್ಕೆ ಹಣ. ಕೆಟ್ಟರೆ ಹೊಣೆ ಕಂಪನಿಯದು. ಇದನ್ನು 1962ರಲ್ಲಿ ಶುರುಮಾಡಿದ್ದು ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ, ಅದೂ ಡಿ ಹ್ಯಾವಿಲ್ಯಾಂಡ್ 125 ಎಂಬ ಖಾಸಗಿ ಜೆಟ್‌ನ ಎಂಜಿನ್ನಿಗಾಗಿ. ಇಂದು ದೊಡ್ಡ ಏರ್‌ಲೈನ್‌ಗಳೂ ನಡೆದಿರುವುದು ಇದೇ ಹಾದಿಯಲ್ಲಿ. ಆ 125 ಕೂಡ ಮುಂದೆ 'ಹಾಕರ್' ಎಂಬ ಹೆಸರು ಹೊತ್ತು ವಿಚಿಟಾಗೇ ಬಂತು. ಈಗ ಅದರ ತಯಾರಿಕೆ ನಿಂತಿದೆ, ಬಿಡಿಭಾಗ ಸಿಗುತ್ತಿದೆ.

ಲಿಯರ್‌ಜೆಟ್ ಕಥೆಯೂ ಅದೇ. ಮೂರು ಸಾವಿರಕ್ಕೂ ಹೆಚ್ಚು ಕಟ್ಟಿದ ಮೇಲೆ 2022ರ ಮಾರ್ಚ್‌ನಲ್ಲಿ ಮಾಲೀಕ ಕಂಪನಿ ಬೊಂಬಾರ್ಡಿಯರ್ ಕೊನೆಯದನ್ನು ಗಿರಾಕಿಗೆ ಒಪ್ಪಿಸಿತು. ಆದರೆ ಬಾಗಿಲು ಹಾಕಲಿಲ್ಲ. ಹಳೆಯ ಲಿಯರ್‌ಜೆಟ್ 40, 45ಗಳಿಗೆ ಹೊಸ ಉಪಕರಣ ಕೂರಿಸಿ ನವೀಕರಿಸುವ ಯೋಜನೆಯನ್ನು ವಿಚಿಟಾದಲ್ಲೇ ನಡೆಸುವುದಾಗಿ ಘೋಷಿಸಿತ್ತು. ನನ್ನ ಕಣ್ಣಿಗೆ ವಿಚಿಟಾದ ಅಚ್ಚರಿ ಇರುವುದು ಹೊಸ ಜೆಟ್‌ಗಳ ಹೊಳಪಿನಲ್ಲಲ್ಲ, ಈ ಮೊಂಡು ನಿಷ್ಠೆಯಲ್ಲಿ.

ಓದುಗರಲ್ಲಿ ಯಾರಿಗಾದರೂ ಹಳೆಯ ಜೆಟ್ ಕೊಳ್ಳುವಷ್ಟು ಸಿರಿ ಬಂದರೆ, ಮೊದಲು ಲಾಗ್‌ಬುಕ್ ತರಿಸಿ ಓದಿ. ಸೀಟಿನ ಚರ್ಮವನ್ನು ಆಮೇಲೆ ಮುಟ್ಟಿ ನೋಡಬಹುದು.